ಕಿವಿ ಮಾತ್ರ ಕತ್ತೆಯದು

ಮೊನ್ನೆ ನನ್ನ ಫೋನು ಇನ್ನು ತನ್ನಿಂದಾಗದು ಎಂದು ಕೈಚೆಲ್ಲಿತು. ಹೊಟ್ಟೆ ತುಂಬಿದೆಯಂತೆ. ಏನಾದರೂ ಅಳಿಸಿದರೆ ಮಾತ್ರ ಮುಂದಿನ ಮಾತಂತೆ. ಸರಿ, ಅಳಿಸೋಣವೆಂದು ಜಗಲಿಯಲ್ಲಿ ಕುಳಿತೆ. ನೀವು ಪ್ರಾಥಮಿಕ ಶಾಲೆಯ ಮಾಷ್ಟ್ರಾಗಿದ್ದರೆ, ಅಥವಾ ಅಂಥವರೊಬ್ಬರನ್ನು ಮದುವೆಯಾಗಿದ್ದರೆ, ಆ ಫೋನಿನೊಳಗೆ ಏನೇನಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಗ್ಗಿಯ ಪಟ, ಕಾಗುಣಿತದ ಹಾಳೆ, ಸೂರ್ಯನ ಸುತ್ತ ತಿರುಗುವ ಗ್ರಹಗಳು, ಅಡ್ಡ ಕೊಯ್ದ ದಾಸವಾಳ. ಒಂದೇ ಹಾಳೆ ‘ಹೊಸತು’ ಎಂಬ ಹೆಸರಲ್ಲಿ ಒಮ್ಮೆ, ‘ಹೊಸತು ಸರಿ ಮಾಡಿದ್ದು’ ಎಂದು ಇನ್ನೊಮ್ಮೆ, ‘ಇದೇ ಕೊನೆ’ ಎಂದು ಮತ್ತೊಮ್ಮೆ. ‘ಇದೇ ಕೊನೆ’ ಬಂದಾದ ಮೇಲೂ ಅದರ ತಮ್ಮಂದಿರು ಬಂದಿದ್ದಾರೆ. ನಡುನಡುವೆ ಇಬ್ಬನಿ ಬಿದ್ದ ಗುಲಾಬಿಯ ಮೇಲೆ ಶುಭೋದಯ. ಹೀಗೆ ಅಳಿಸುತ್ತ ಹೋದವನ ಬೆರಳು ಒಂದು ಚಿತ್ರದ ಹತ್ತಿರ ಬಂದು ನಿಂತುಬಿಟ್ಟಿತು.

ಒಂದು ಪ್ರಾಣಿ. ಉದ್ದದ ಕಿವಿ, ಹುಲ್ಲಿನಲ್ಲಿ ಮುಳುಗಿದ ಪಾದ, ಕೊನೆಯ ಬಸ್ಸು ತಪ್ಪಿಸಿಕೊಂಡವನ ಮುಖ. ಕೆಳಗೆ ಯಾರೋ ದಪ್ಪಕ್ಷರದಲ್ಲಿ ‘ಜಿಂಕೆ’ ಎಂದು ಬರೆದಿದ್ದರು.

ಇಷ್ಟು ಸಮಯದ ಮೇಲೂ ಅದು ಊರೂರು ತಿರುಗಿ, ಹೊಸದೊಂದು ಹೆಸರು ಹೊತ್ತುಕೊಂಡು, ನನ್ನ ಫೋನಿಗೇ ಬಂದು ಬಿದ್ದಿತ್ತು. ಅಳಿಸಲು ಮನಸ್ಸು ಬರಲಿಲ್ಲ. ಯಾಕೆಂದರೆ ಅದು ಜಿಂಕೆಯಲ್ಲ. ಹಾಗೆಂದು ಖಂಡಿತವಾಗಿ ಹೇಳಬಲ್ಲವನು ನಾನೊಬ್ಬನೇ, ಬಿಡಿಸಿದವನು ನಾನೇ ಆದ್ದರಿಂದ.

ಇದನ್ನು ಹೇಳಬೇಕಾದರೆ ನಾನು ಕಲಿತ ಶಾಲೆಗೆ ಸ್ವಲ್ಪ ಹೋಗಿ ಬರಬೇಕು. ಆಗ ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಒಂದು ಚಿತ್ರಪಟ. ಪ್ರಾಣಿಗಳದ್ದು. ಅದನ್ನು ಸುರುಳಿ ಸುತ್ತಿ ಹೆಡ್‌ಮಾಷ್ಟ್ರ ಕುರ್ಚಿಯ ಹಿಂದೆ ನಿಲ್ಲಿಸಿರುತ್ತಿದ್ದರು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಬಿಚ್ಚಿ ತೂಗುಹಾಕುವುದು, ಅವರ ಜೀಪು ತಿರುವು ದಾಟಿದೊಡನೆ ಮತ್ತೆ ಸುತ್ತಿ ಇಡುವುದು. ಹಾಗಾಗಿ ಹುಲಿ, ಆನೆ, ಒಂಟೆ ಎಲ್ಲವೂ ಇಲಾಖೆಗೆ ಸೇರಿದ ಪ್ರಾಣಿಗಳೆಂದು ನಾವು ತಿಳಿದಿದ್ದೆವು. ಒಂಟೆಯ ಡುಬ್ಬ ಇದ್ದ ಜಾಗವನ್ನು ಗೆದ್ದಲು ತಿಂದಿತ್ತು. ಒಂಟೆಯೆಂದರೆ ಕತ್ತು ಉದ್ದವಾದ ಒಂದು ಜಾತಿಯ ದನ ಎಂಬ ನಂಬಿಕೆಯಲ್ಲೇ ನಾನು ಹೈಸ್ಕೂಲಿಗೆ ಹೋದವನು.

ಪಟ ಮುಟ್ಟಬಾರದ ಕಾರಣ ನಮ್ಮ ಮೂರನೇ ಕ್ಲಾಸಿನ ಮಾಷ್ಟ್ರು ಪಾಠಕ್ಕೆ ಬೇಕಾದದ್ದನ್ನು ಮನೆಯಿಂದಲೇ ತರುತ್ತಿದ್ದರು. ತೂಕದ ಪಾಠಕ್ಕೆ ಸೌತೆಕಾಯಿ, ಭಿನ್ನರಾಶಿಗೆ ಹಲಸಿನ ಹಣ್ಣು, ಹಕ್ಕಿಗಳ ಪಾಠಕ್ಕೆ ಕಾಲು ಕಟ್ಟಿದ ಒಂದು ಹೇಂಟೆ. ಭಿನ್ನರಾಶಿ ಮುಗಿಯುವಾಗ ಸೊಳೆಯೂ ಮುಗಿದಿರುತ್ತಿತ್ತು. ಒಳ್ಳೆಯ ಕಲಿಕೋಪಕರಣವೆಂದರೆ ಪಾಠ ಆದ ಮೇಲೆ ತಿನ್ನಲು ಬರುವಂಥದ್ದು ಎಂಬ ಅಭಿಪ್ರಾಯ ನನಗೆ ಈಗಲೂ ಪೂರ್ತಿ ಹೋಗಿಲ್ಲ.

ಆ ಪಟದಲ್ಲಿ ಕತ್ತೆಯೂ ಇತ್ತೋ ಏನೋ. ಇದ್ದಿದ್ದರೆ ಗೆದ್ದಲಿನ ಪಾಲಾದ ಮೂಲೆಯಲ್ಲಿದ್ದಿರಬೇಕು. ನಮ್ಮ ಕಡೆ ಕತ್ತೆ ಇಲ್ಲ. ಬಟ್ಟೆ ಒಗೆಯುವವರ ಬಳಿಯೂ ನೋಡಿದ್ದಿಲ್ಲ, ಕಲ್ಲು ಹೊರುವವರ ಬಳಿಯೂ ನೋಡಿದ್ದಿಲ್ಲ. ಆದರೆ ಶಬ್ದ ಮಾತ್ರ ಬಾಯಿಪಾಠವಿತ್ತು. ಮಾಷ್ಟ್ರು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದರು. ಹೇಳುವಾಗ ಬೆತ್ತದಿಂದ ನಮ್ಮನ್ನೇ ತೋರಿಸುತ್ತಿದ್ದುದರಿಂದ, ನಮ್ಮನ್ನು ಬಿಟ್ಟು ಬೇರೆ ಕತ್ತೆ ಇರಬಹುದೆಂದು ನಮಗೆ ಬಹಳ ಸಮಯ ಹೊಳೆದಿರಲಿಲ್ಲ.

ಈಗ ಕಾಲ ಬದಲಾಗಿದೆ. ನಾನೇ ಮಾಷ್ಟ್ರಾಗಿದ್ದೇನೆ. ಕಾಣಿಯೂರಿನಿಂದ ಒಳಗೆ, ಜೀಪು ಹೋಗುವ ದಾರಿ ಮುಗಿಯುವಲ್ಲಿ ನನ್ನ ಶಾಲೆ. ಚಿತ್ರಪಟಗಳಿಗೆ ಬರವಿಲ್ಲ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಮಾಷ್ಟ್ರು ಟೀಚರುಗಳು ಸೇರಿ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡಿದ್ದೇವೆ. ಒಬ್ಬರು ಮಾಡಿದ ಪಟ, ಹಾಳೆ, ಹಾಡು ಎಲ್ಲರಿಗೂ ಸಿಗಲಿ ಎಂಬ ಒಳ್ಳೆಯ ಉದ್ದೇಶ. ಕಲಿಕೋಪಕರಣವಲ್ಲದೆ ಬೇರೇನನ್ನೂ ಹಾಕಬಾರದು ಎಂಬುದು ನಿಯಮ. ಆ ನಿಯಮದ ಆಚೀಚೆ ಸ್ವಲ್ಪ ಜೇನುತುಪ್ಪ ಮಾರಾಟಕ್ಕಿರುತ್ತದೆ, ಒಂದೆರಡು ಗೃಹಪ್ರವೇಶವಿರುತ್ತದೆ, ಒಮ್ಮೆ ಕಾಣೆಯಾದ ದನವೂ ಇತ್ತು.

ಆ ಗುಂಪಿನಲ್ಲಿ ನಾನು ತೆಗೆದುಕೊಳ್ಳುವವನು. ಬೇರೆಯವರು ಹಾಕಿದ್ದನ್ನೆಲ್ಲ ಇಳಿಸಿಕೊಂಡು, ಪ್ರಿಂಟು ತೆಗೆದು, ಮಕ್ಕಳ ಮುಂದೆ ಗಂಭೀರವಾಗಿ ಹಿಡಿದು ನಿಲ್ಲುತ್ತಿದ್ದೆ. ಸುಖವಾಗಿತ್ತು. ಗುಂಪಿನ ಯಜಮಾನಿಕೆ ಆಲಂಕಾರಿನ ಕಡೆಯ ಉಮೇಶ ಮಾಷ್ಟ್ರದ್ದು. ಒಳ್ಳೆಯವರು, ಮೈಕು ಕಂಡರೆ ಬಿಡುವವರಲ್ಲ, ಅಷ್ಟೇ. ಒಂದು ದಿನ ಅವರು ಗುಂಪಿನಲ್ಲಿ ಹೀಗೆ ಬರೆದರು: ‘ತೆಗೆದುಕೊಳ್ಳುವ ಕೈಗಳು ಒಮ್ಮೆಯಾದರೂ ಕೊಡಲಿ.’ ಹೆಸರು ಹಾಕಿರಲಿಲ್ಲ. ಆದರೆ ಓದಿದಾಗ ನನ್ನ ಕಿವಿ ಬಿಸಿಯಾಯಿತು. ನನ್ನ ಹಾಗೆಯೇ ಇನ್ನೂ ಎಷ್ಟೋ ಕಿವಿಗಳು ಬಿಸಿಯಾಗಿದ್ದಿರಬೇಕು. ಆ ಸಂಜೆ ಗುಂಪಿನಲ್ಲಿ ಪಟಗಳ ಮಳೆ.

ನಾನು ಆರಿಸಿಕೊಂಡದ್ದು ಎರಡನೇ ಕ್ಲಾಸಿನ ಒತ್ತಕ್ಷರ. ತಕಾರದ ಒತ್ತಿಗೆ ಒಂದು ಹಾಳೆ. ಚಿತ್ರ ನೋಡಿ ಮಕ್ಕಳು ಕೆಳಗೆ ಹೆಸರು ಬರೆಯಬೇಕು. ಕತ್ತಿ, ಬುತ್ತಿ, ಸುತ್ತಿಗೆ, ಕತ್ತೆ. ಮೊದಲ ಮೂರು ಮನೆಯಲ್ಲೇ ಇದ್ದವು. ಎದುರಿಗಿಟ್ಟು ನೋಡಿ ಬಿಡಿಸಿದೆ, ಬಿಡಿಸಿದ್ದು ಅವೇ ಎಂದು ಗುರುತು ಸಿಗುವಂತಿತ್ತು. ಕತ್ತೆಗೆ ಬಂದು ನಿಂತೆ. ಫೋನಿನಲ್ಲಿ ಹುಡುಕೋಣವೆಂದರೆ ಗಾಳಿಮಳೆಗೆ ಕರೆಂಟು ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋಗಿತ್ತು. ಕತ್ತೆಗೆ ಕಿವಿ ಉದ್ದ ಎಂಬ ಒಂದು ಮಾಹಿತಿ ನನ್ನಲ್ಲಿತ್ತು. ಅದನ್ನು ಪೂರ್ತಿಯಾಗಿ ಬಳಸಿಕೊಂಡೆ. ಉಳಿದ ದೇಹಕ್ಕಾಗಿ ಪಕ್ಕದ ಮನೆಯ ಶೀನಪ್ಪಣ್ಣನ ಹಟ್ಟಿಗೆ ಹೋಗಿ ಅವರ ಕರುವಿನ ಮುಂದೆ ಕುಳಿತೆ. ಕರು ಎದುರಿನ ಭಾಗ ಬಿಡಿಸುವ ತನಕ ಸುಮ್ಮನಿತ್ತು. ಆಮೇಲೆ ತಾಯಿಯ ಹತ್ತಿರ ಹೋಗಿ ಅಡ್ಡ ನಿಂತಿತು. ಹಿಂಭಾಗವನ್ನು ನಂಬಿಕೆಯ ಮೇಲೆ ಬಿಡಿಸಿದೆ. ಕೊನೆಗೆ ಉಳಿಸಿದ್ದ ಮುಂಗಾಲಿಗೆ ಬರುವಾಗ ಹಾಳೆ ಕೆಳಗೆ ಮುಗಿಯುತ್ತ ಬಂದು ಅದು ಗಿಡ್ಡವಾಯಿತು. ಗೊರಸು ಬಿಡಿಸಲು ನನಗೆ ಬಾರದು. ಸುತ್ತ ಹುಲ್ಲು ಬೆಳೆಸಿದೆ. ಚಿತ್ರ ಬಾರದವರ ಪಾಲಿಗೆ ಹುಲ್ಲಿನಂಥ ಉಪಕಾರಿ ಬೇರೊಂದಿಲ್ಲ.

ಮನೆಯಲ್ಲಿ ಹೆಂಡತಿ ಪ್ರೇಮಾಳಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

“ಎಂತಾಯ್ತು ಶೀನಪ್ಪಣ್ಣನ ಕರುವಿಗೆ? ಹುಷಾರಿಲ್ವಾ?”

“ಇದು ಕರು ಅಲ್ಲ. ಕತ್ತೆ.”

“ಹೌದಾ?” ಎಂದು ಹಾಳೆಯನ್ನು ಸ್ವಲ್ಪ ದೂರ ಹಿಡಿದಳು, ಮತ್ತೆ ಹತ್ತಿರ ಹಿಡಿದಳು. “ಹಾಗಾದ್ರೆ ಕೆಳಗೆ ಹೆಸರು ಬರೀರಿ. ಬರೀದಿದ್ರೆ ಕಷ್ಟ ಉಂಟು.”

“ಹೆಸರು ಬರೀಬೇಕಾದ್ದು ಮಕ್ಕಳು. ಅದಕ್ಕೇ ಈ ಹಾಳೆ ಮಾಡಿದ್ದು.”

“ಪಾಪ ಮಕ್ಕಳು,” ಎಂದು ಅವಳು ಒಳಗೆ ಹೋದಳು.

ನೆಟ್‌ವರ್ಕ್ ಬಂದ ಮೇಲೆ ನಿಜವಾದ ಕತ್ತೆಯ ಫೋಟೋ ಹುಡುಕಿ ನೋಡಬಹುದಿತ್ತು. ಆದರೆ ನೀವೇ ಹೇಳಿ, ಅಷ್ಟು ಕಷ್ಟಪಟ್ಟು ಒಂದನ್ನು ಬಿಡಿಸಿದ ಮೇಲೆ ಯಾರಿಗಾದರೂ ಅಂಥ ಅಪಾಯಕ್ಕೆ ಕೈ ಹಾಕಲು ಮನಸ್ಸು ಬರುತ್ತದೆಯೆ? ಹಾಳೆಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಉಮೇಶ ಮಾಷ್ಟ್ರು, ಆ ದಿನ ಬಂದ ಎಲ್ಲ ಹಾಳೆಗೂ ಎತ್ತಿದ ಹಾಗೆ, ಹೆಬ್ಬೆರಳು ಎತ್ತಿದರು. ಜೀವನ ಸಾರ್ಥಕವಾಯಿತು.

ಮರುದಿನ ನನ್ನ ಕ್ಲಾಸಿನಲ್ಲೂ ಆ ಹಾಳೆ ಹಂಚಿದೆ. ಕತ್ತಿ, ಬುತ್ತಿ, ಸುತ್ತಿಗೆ ಎಲ್ಲರೂ ಬರೆದರು. ನಾಲ್ಕನೆಯದಕ್ಕೆ ಎಲ್ಲರ ಪೆನ್ಸಿಲೂ ಬಾಯಿಗೆ ಹೋಯಿತು. “ಕತ್ತೆ” ಎಂದು ನಾನೇ ಹೇಳಿಕೊಡಬೇಕಾಯಿತು. ಮುಂದಿನ ಸಾಲಿನಲ್ಲಿದ್ದ ಜಶ್ಮಿತಾ ತಲೆಯೆತ್ತಿ ಕೇಳಿದಳು.

“ಖಂಡಿತಾ ಸಾರ್?”

“ಖಂಡಿತ.”

ಅವಳು ಬರೆದಳು. ಕಾಗದ ಹರಿಯುವಷ್ಟು ಒತ್ತಿ ಬರೆದಳು.

ಈ ಜಶ್ಮಿತಾಳ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಅವಳು ಒಂದನ್ನು ನಂಬಿದಳೆಂದರೆ ಮುಗಿಯಿತು. ಸೂರ್ಯ ಭೂಮಿಗಿಂತ ದೊಡ್ಡದು ಎಂದು ನಾನೊಮ್ಮೆ ಕ್ಲಾಸಿನಲ್ಲಿ ಹೇಳಿದ್ದೆ. ಅವಳು ಅದನ್ನು ಮನೆಗೆ ಕೊಂಡುಹೋಗಿ ಅಜ್ಜನಿಗೆ ಹೇಳಿದ್ದಾಳೆ. ಅಜ್ಜ ಅಂಗಳಕ್ಕೆ ಬಂದು ಮೇಲೆ ನೋಡಿ, “ಒಂದು ಸೇರಿನಷ್ಟು ಇರಬಹುದು” ಎಂದಿದ್ದಾರೆ. ಅಜ್ಜ ಒಪ್ಪುವ ತನಕ ಇವಳು ಊಟಕ್ಕೆ ಕೂರಲಿಲ್ಲ. ಮರುದಿನ ಅಜ್ಜ ಶಾಲೆಯ ತನಕ ನಡೆದು ಬಂದು, “ಮಾಷ್ಟ್ರೆ, ಇನ್ನು ದೊಡ್ಡ ದೊಡ್ಡ ವಿಷಯ ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳಿ ಮಾರಾಯ್ರೆ. ನಮಗೆ ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ” ಎಂದು ಬೇಡಿಕೊಂಡು ಹೋದರು.

ನಾನು ಗುಂಪಿಗೆ ಹಾಕಿದ ಹಾಳೆ ಹಾಗೆಯೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ತಕಾರದ ಒತ್ತು ಎಂದು ಮೇಲೆ ಬರೆದಿದ್ದೆ, ಸುತ್ತಿಗೆಯ ಪಕ್ಕದಲ್ಲಿತ್ತು, ಕತ್ತೆಯೇ ಇರಬೇಕು ಎಂದು ಯಾರಾದರೂ ಊಹಿಸಬಹುದಿತ್ತು. ಆದರೆ ಯಾರೋ ಪುಣ್ಯಾತ್ಮರು ಹಾಳೆಯಿಂದ ಆ ಪ್ರಾಣಿಯನ್ನು ಮಾತ್ರ ಕತ್ತರಿಸಿ ತೆಗೆದು, ‘ಒಳ್ಳೆಯ ಪ್ರಾಣಿ ಚಿತ್ರ, ಬೇಕಾದವರು ಬಳಸಿ’ ಎಂದು ಇನ್ನೊಂದು ಗುಂಪಿಗೆ ಹಾಕಿದರು. ಅಲ್ಲಿಂದ ಮತ್ತೊಂದಕ್ಕೆ. ಹೀಗೆ ನನ್ನ ಕತ್ತೆ ಹಗ್ಗ ಬಿಚ್ಚಿಕೊಂಡು ಮೂರು ತಾಲೂಕು ಮೇಯಲು ಹೋಯಿತು.

ಮೊದಲ ಸುದ್ದಿ ಬಂದದ್ದು ಬೆಳ್ಳಾರೆ ಕಡೆಯ ವಸಂತಿ ಟೀಚರಿಂದ. ಅವರಿಗೆ ಅದು ನನ್ನ ಚಿತ್ರವೆಂದು ಯಾರೋ ಹೇಳಿದ್ದರು.

“ಸಾರ್, ನಿಮ್ಮ ಕರು ಭಾರೀ ಚಂದ ಉಂಟು. ಸಾಕುಪ್ರಾಣಿಗಳ ಪಾಠಕ್ಕೆ ಹಾಕಿದೆ. ಮಕ್ಕಳಿಗೆ ತುಂಬಾ ಖುಷಿ.”

“ಟೀಚರ್, ಅದು ಕರು ಅಲ್ಲ...”

“ಹೌದಾ? ಎಮ್ಮೆಕರುವಾ?”

ಅಷ್ಟು ಸಂತೋಷದಲ್ಲಿದ್ದವರಿಗೆ ಏನು ಹೇಳುವುದು? “ಹಾಂ, ಕರುವಿನ ಹಾಗೆಯೇ,” ಎಂದುಬಿಟ್ಟೆ. ಒಂದು ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ಎದುರಿನ ಅರ್ಧ ನಿಜವಾಗಿಯೂ ಶೀನಪ್ಪಣ್ಣನ ಕರುವೇ.

ಆಮೇಲೆ ಕಡಬದ ಕಾಡಂಚಿನ ಶಾಲೆಯೊಂದರ ಗೋಡೆಯ ಫೋಟೋ ಬಂತು. ‘ವನ್ಯಜೀವಿಗಳನ್ನು ರಕ್ಷಿಸಿ’ ಎಂಬ ಬರಹದ ಕೆಳಗೆ ನನ್ನ ಕತ್ತೆ, ಬಣ್ಣ ಬಳಿಸಿಕೊಂಡು, ಕಡವೆಯಾಗಿ ನಿಂತಿತ್ತು. ರಾತ್ರಿ ತೋಟಕ್ಕೆ ನುಗ್ಗುವ ಕಡವೆಗೆ ಇದ್ದಕ್ಕಿಂತ ಹೆಚ್ಚು ಮರ್ಯಾದೆ ಅದರ ಮುಖದಲ್ಲಿತ್ತು. ಪುತ್ತೂರಿನ ಒಬ್ಬರು ಟೀಚರು ಗಿಡ್ಡ ಮುಂಗಾಲು ನೋಡಿ ಅದನ್ನು ಆಸ್ಟ್ರೇಲಿಯಾಕ್ಕೆ ಸೇರಿಸಿ ಕಾಂಗರೂ ಮಾಡಿದ್ದರು. ಸುಳ್ಯ ಕಡೆಯಲ್ಲೊಬ್ಬರು ಕಿವಿ, ಹುಲ್ಲು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೊಲವೆಂದು ತೀರ್ಮಾನಿಸಿದ್ದರು. ನಾನು ಪ್ರತಿ ಸಲವೂ ‘ಗೆಳೆಯರೆ, ಅದು ಕತ್ತೆ’ ಎಂದು ಬರೆಯುತ್ತಿದ್ದೆ, ಕಳಿಸುವ ಮೊದಲು ಅಳಿಸುತ್ತಿದ್ದೆ. ಮೇಲೆ ಯಾರೋ ‘ತುಂಬ ಜೀವಂತ ಚಿತ್ರ’ ಎಂದು ಹೊಗಳಿರುತ್ತಿದ್ದರು. ಹೊಗಳಿಕೆ ಮೊಲಕ್ಕೆ ಬಂದರೇನು, ಕಾಂಗರೂವಿಗೆ ಬಂದರೇನು? ಬಂದದ್ದನ್ನು ಬೇಡವೆನ್ನುವಷ್ಟು ದೊಡ್ಡವನು ನಾನಲ್ಲ.

ಹೀಗಿರುವಾಗ ಪುತ್ತೂರಿನ ಒಂದು ಸಭಾಭವನದಲ್ಲಿ ಮೂರೂ ತಾಲೂಕಿನ ಸಣ್ಣ ಮಕ್ಕಳಿಗೆ ರಸಪ್ರಶ್ನೆ ಇಟ್ಟರು. ನಾನು ಜಶ್ಮಿತಾಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಹೋದೆ. ವೇದಿಕೆಯ ಮೇಲೆ ತಂಡಗಳು ಸಾಲಾಗಿ ಕುಳಿತಿದ್ದವು. ಪ್ರತಿ ತಂಡದ ಮುಂದೆ ಒಂದೊಂದು ಗಂಟೆ. ಉತ್ತರ ಗೊತ್ತಿದ್ದವರು ಗಂಟೆ ಬಾರಿಸಬೇಕು. ಪ್ರಶ್ನೆ ಕೇಳುವವರು ಉಮೇಶ ಮಾಷ್ಟ್ರು, ಕೈಯಲ್ಲಿ ಮೈಕು. ಮುಂದಿನ ಸಾಲಿನಲ್ಲಿ ರಾಯಚೂರು ಕಡೆಯಿಂದ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರು ಅತಿಥಿಯಾಗಿ ಕುಳಿತಿದ್ದರು. ನಾನು ಹಿಂದುಗಡೆ, ಗೋಳಿಬಜೆ ಮತ್ತು ಚಹಾ ಇಟ್ಟ ಮೇಜಿನ ಹತ್ತಿರ.

“ಈಗ ಚಿತ್ರ ಗುರುತಿಸುವ ಸುತ್ತು,” ಎಂದರು ಉಮೇಶ ಮಾಷ್ಟ್ರು. ಪರದೆಯ ಮೇಲೆ ನವಿಲು ಬಂತು, ಆಮೆ ಬಂತು. ಮೂರನೆಯದಾಗಿ, ಗೋಡೆಯಗಲಕ್ಕೆ, ನನ್ನ ಕತ್ತೆ ಬಂತು.

ಬಾಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ಅಷ್ಟು ದೊಡ್ಡದಾಗಿ ಅದನ್ನು ನಾನೂ ನೋಡಿರಲಿಲ್ಲ. ಹಿಂದಿನ ಎಡಗಾಲು ಹೊಟ್ಟೆಯಿಂದಲೇ ಹೊರಟಿದೆ ಎಂಬುದು ಆಗಲೇ ನನಗೆ ಗೊತ್ತಾದದ್ದು.

ಟಣ್ ಎಂದು ಬೆಳ್ಳಾರೆಯ ಗಂಟೆ. “ಕರು!”

“ತಪ್ಪು,” ಎಂದರು ಉಮೇಶ ಮಾಷ್ಟ್ರು.

ಟಣ್. “ಕಡವೆ!” ಕಡಬದವರು.

“ತಪ್ಪು.”

ಟಣ್. “ಕತ್ತೆ!” ಎಂದಳು ಜಶ್ಮಿತಾ. ಹೇಳಿ ನೆಟ್ಟಗೆ ಕುಳಿತಳು, ಅಂಕ ಬರೆಯುವ ಬೋರ್ಡಿನ ಕಡೆ ನೋಡುತ್ತ.

“ತಪ್ಪು. ಸರಿ ಉತ್ತರ, ಕುದುರೆ.” ಮೈಕು ಕೈಯಲ್ಲಿದ್ದ ಮೇಲೆ ಉಮೇಶ ಮಾಷ್ಟ್ರಿಗೆ ಅಷ್ಟಕ್ಕೇ ನಿಲ್ಲಿಸಲು ಆಗುವುದಿಲ್ಲ. “ಯಾರೋ ಕಲಾವಿದರು ಕಿವಿ ಸ್ವಲ್ಪ ಧಾರಾಳವಾಗಿ ಕೊಟ್ಟಿದ್ದಾರೆ. ಮಕ್ಕಳಿಗೆ ಗೊಂದಲ ಆದದ್ದು ಸಹಜ.”

ಸಭೆ ನಕ್ಕಿತು. ನಾನೂ ನಕ್ಕೆ, ಗುರುತು ಸಿಗಬಾರದೆಂದು. ಆದರೆ ಜಶ್ಮಿತಾ ಎದ್ದು ನಿಂತಿದ್ದಳು.

“ಅದು ಕುದುರೆ ಅಲ್ಲ ಸಾರ್. ಕತ್ತೆ.”

“ಇಲ್ಲಿ ಕುದುರೆ ಅಂತ ಬರೆದುಂಟು ಮಗಾ. ಕೂತುಕೋ.”

“ನಮ್ಮ ಸಾರೇ ಮಾಡಿದ್ದು ಸಾರ್ ಆ ಚಿತ್ರ. ನಾನು ಖಂಡಿತಾ ಅಂತ ಕೇಳಿದ್ದೇನೆ. ಖಂಡಿತ ಅಂತ ಹೇಳಿದ್ದಾರೆ.”

“ಹೌದಾ? ಯಾರು ನಿಮ್ಮ ಸಾರ್? ಎಲ್ಲಿದ್ದಾರೆ?”

ಅವಳು ಸಭೆಯ ಉದ್ದಕ್ಕೂ ಕಣ್ಣಾಡಿಸಿದಳು. ನಾನು ಒಂದು ಕಂಬದ ಹಿಂದೆ ಇದ್ದೆ. ಬೇಕೆಂದೇ ಹೋದದ್ದಲ್ಲ, ಕಾಲು ತಾನಾಗಿ ಕರೆದುಕೊಂಡು ಹೋಗಿತ್ತು. ಕಾಣದೆ ಅವಳು ಮತ್ತೊಮ್ಮೆ ಹುಡುಕಿದಳು. ಗೆಳತಿಯರು ಲಂಗ ಹಿಡಿದು ಎಳೆದು ಕೂರಿಸಲು ನೋಡಿದರು. ಕೂರಲಿಲ್ಲ. ಕೆಳತುಟಿ ಮಾತ್ರ ಸ್ವಲ್ಪ ಅಲುಗಿತು. ಸೂರ್ಯನ ವಿಷಯದಲ್ಲಿ ಅಜ್ಜನ ಮುಂದೆಯೂ ಹೀಗೇ ನಿಂತಿದ್ದಿರಬೇಕು. ಆದರೆ ಇಲ್ಲಿ ಅಜ್ಜನಿರಲಿಲ್ಲ, ನೂರಾರು ಮಂದಿ ಇದ್ದರು, ಎಲ್ಲರೂ ನಗುತ್ತಿದ್ದರು.

ಹೋದರೆ ಇರುವ ಅಲ್ಪಸ್ವಲ್ಪ ಮಾನ ಹೋಗುತ್ತದೆ. ಹೋಗದಿದ್ದರೆ ನಾಳೆಯಿಂದ ನಾನು ಖಂಡಿತ ಎಂದು ಹೇಳಿದ ಯಾವುದನ್ನೂ ಈ ಮಗು ನಂಬಬೇಕಾಗಿಲ್ಲ. ಸೂರ್ಯನೂ ಸೇರಿ. ಚಹಾದ ಲೋಟ ಕೆಳಗಿಟ್ಟು ನಡುವಿನ ದಾರಿಯಲ್ಲಿ ಹೊರಟೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ: ಆ ಕತ್ತೆಯನ್ನು ಬಿಡಿಸಿದವನು ನಾನೇ ಸಾರ್. ವೇದಿಕೆಯ ಹತ್ತಿರ ಬರುವಾಗ ಉಸಿರು ಸಾಲದಾಯಿತು. ನಡುವಿನ ಶಬ್ದಗಳು ಎಲ್ಲಿ ಬಿದ್ದುಹೋದವೋ ತಿಳಿಯಲಿಲ್ಲ. ಉಮೇಶ ಮಾಷ್ಟ್ರು ಚಾಚಿದ ಮೈಕಿನಲ್ಲಿ, ಇಡೀ ಸಭಾಭವನಕ್ಕೆ ಕೇಳುವಂತೆ ನಾನು ಹೇಳಿದ್ದು ಇಷ್ಟು.

“ಆ ಕತ್ತೆ ನಾನೇ ಸಾರ್.”

ಆಮೇಲೆ ಎದ್ದ ನಗುವಿಗೆ ಫ್ಯಾನುಗಳ ಸದ್ದು ಕೇಳಿಸಲಿಲ್ಲ. ಅಡುಗೆಯವರೂ ಹೊರಗೆ ಬಂದು ನೋಡಿದರು. ನಗದೆ ಇದ್ದವಳು ಜಶ್ಮಿತಾ ಒಬ್ಬಳೇ. “ನೋಡಿ, ನಾನು ಹೇಳ್ಲಿಲ್ವಾ?” ಎಂಬಂತೆ ಉಮೇಶ ಮಾಷ್ಟ್ರನ್ನು ನೋಡುತ್ತಿದ್ದಳು.

ನಗು ಇಳಿದ ಮೇಲೆ ಜಗಳ ಶುರುವಾಯಿತು. ವಸಂತಿ ಟೀಚರು ಎದ್ದು ನಿಂತರು. “ಸಾರ್, ಫೋನಿನಲ್ಲಿ ನೀವೇ ಕರುವಿನ ಹಾಗೆ ಅಂತ ಹೇಳಿದ್ದಲ್ವಾ? ನಮ್ಮ ಮಕ್ಕಳು ಎಂತ ಮಾಡ್ಬೇಕು ಈಗ?” ಕಡಬದ ಮಾಷ್ಟ್ರು, “ನಮ್ಮ ಮಕ್ಕಳು ಶಾಲೆಗೆ ಬರುವಾಗ ಕಡವೆ ನೋಡಿಕೊಂಡೇ ಬರುದು. ಅವರಿಗೆ ತಪ್ಪಲಿಕ್ಕೇ ಇಲ್ಲ” ಎಂದರು. ಯಾರೋ ಫೋನಿನಲ್ಲಿ ಕತ್ತೆಯ ಫೋಟೋ ತೆಗೆದು ಪರದೆಯ ಪಕ್ಕ ಹಿಡಿದು ನೋಡಿದರು. ಹೋಲಲಿಲ್ಲ. ಕುದುರೆಯನ್ನು ಹಿಡಿದರು, ಅದೂ ಹೋಲಲಿಲ್ಲ. ಕರು, ಕಡವೆ ಯಾವುದೂ ಹೋಲಲಿಲ್ಲ. ಯಾರ ಪಕ್ಷವನ್ನೂ ವಹಿಸದೆ ಎಲ್ಲ ಪ್ರಾಣಿಗಳಿಗೂ ನಾನು ಸಮನಾಗಿ ಅನ್ಯಾಯ ಮಾಡಿದ್ದೆ.

ಕೊನೆಗೆ ಮುಂದಿನ ಸಾಲಿನಿಂದ ಅಧಿಕಾರಿಗಳು ಎದ್ದು ಬಂದರು. ಮೈಕು ಈಸಿಕೊಂಡರು.

“ಇಲ್ಲಿ ಯಾರೂ ನೋಡಿಲ್ಲಂತ ಕಾಣ್ತದ. ನಮ್ಮೂರಾಗ ಮನಿ ಮುಂದನ ಕತ್ತಿ ಇರ್ತಿದ್ವು. ಸಣ್ಣಾಂವ ಇದ್ದಾಗ ನಾ ಕತ್ತಿ ಮ್ಯಾಲೆ ಕುಂತು ಸಾಲಿಗೆ ಹೋಗೀನಿ.”

ಸಭೆಗೆ ಸಭೆಯೇ ಮೈ ಜುಮ್ಮೆಂದು ಕುಳಿತಿತು. ನಮ್ಮಲ್ಲಿ ಕತ್ತಿಯೆಂದರೆ ಸೊಪ್ಪು ಕಡಿಯುವುದು. ಅದರ ಮೇಲೆ ಕುಳಿತು ಶಾಲೆಗೆ ಹೋದವರನ್ನು ನಾವು ಈ ತನಕ ನೋಡಿದ್ದಿಲ್ಲ.

ಜಶ್ಮಿತಾ ಕನಿಕರದಿಂದ ಕೇಳಿದಳು. “ಗಾಯ ಆಗುದಿಲ್ವಾ ಸಾರ್?”

“ಯಾಕವ್ವ? ಒದ್ರ ಆಗ್ತದ.”

“ಕತ್ತಿ ಒದೀತದಾ?”

“ಹಿಂದ ನಿಂತ್ರ ಒದೀತದ.”

ಅವಳು ದೊಡ್ಡ ಕಣ್ಣು ಮಾಡಿ ನನ್ನನ್ನು ನೋಡಿದಳು. ಅವರ ಕಡೆ ಕತ್ತೆಗೆ ಕತ್ತಿ ಎನ್ನುತ್ತಾರೆಂದು ನಾನು ಅವಳಿಗೂ, ನಮ್ಮ ಕಡೆ ಕತ್ತಿಯೆಂದರೆ ಬೇರೆಯೆಂದು ಅವರಿಗೂ ವಿವರಿಸಿ ಹೇಳಬೇಕಾಯಿತು. ಆ ಗಳಿಗೆಯಲ್ಲಿ ಸಭಾಭವನದಲ್ಲಿ ಕೆಲಸಕ್ಕೆ ಬಂದ ಏಕೈಕ ಮಾಷ್ಟ್ರು ನಾನೇ. ಅಧಿಕಾರಿಗಳು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಪರದೆಯ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಮೇಲಿಂದ ಕೆಳಗಿನ ತನಕ ನಿಧಾನವಾಗಿ ನೋಡಿದರು.

“ಮೈ ಕತ್ತೀದಲ್ಲ. ಬಾಲ ಯಾರದ್ದೋ ಗೊತ್ತಿಲ್ಲ. ಕಾಲು ಹುಲ್ಲಾಗ ಹುಡುಕಬೇಕು.” ಇನ್ನೂ ಕೂರದೆ ನಿಂತೇ ಇದ್ದ ಜಶ್ಮಿತಾಳ ಕಡೆ ನೋಡಿದರು. “ಕಿವಿ ಮಾತ್ರ ಕತ್ತೀವ ಅದಾವ. ಆ ಹುಡುಗಿಗೆ ಅಂಕ ಕೊಡ್ರಿ.”

ಅಂಕ ಬಿತ್ತು. ಅವಳು ಕುಳಿತಳು. ನಮ್ಮ ತಂಡ ಗೆಲ್ಲಲಿಲ್ಲ. ಆ ಅಂಕ ಸೇರಿಯೂ ಕೊನೆಯಿಂದ ಎರಡನೆಯ ಸ್ಥಾನ. ಆದರೆ ಬಸ್ಸಿನಲ್ಲಿ ಬರುವಾಗ ಅವಳ ಮುಖ ನೋಡಿದ್ದರೆ ಮೊದಲ ಬಹುಮಾನ ಯಾರಿಗೆ ಬಂತೆಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ಹೆಸರು ಮಾತ್ರ ಮನೆ ಮುಟ್ಟುವ ಮೊದಲೇ ಬದಲಾಗಿತ್ತು. ‘ಕತ್ತೆ ಮಾಷ್ಟ್ರು’ ಎಂದು ಗುಂಪಿನಲ್ಲಿ ಯಾರೋ ಪ್ರೀತಿಯಿಂದ ಬರೆದಿದ್ದರು. ನಾನೇ ಮೈಕಿನಲ್ಲಿ ಒಪ್ಪಿಕೊಂಡದ್ದರಿಂದ ಆಕ್ಷೇಪಿಸಲು ದಾರಿಯಿರಲಿಲ್ಲ. ಯಾರೋ ತೆಗೆದು ಗುಂಪಿಗೆ ಹಾಕಿದ್ದ ವಿಡಿಯೋವನ್ನು ಪ್ರೇಮಾ ನೋಡಿದಳು, ಮತ್ತೊಮ್ಮೆ ನೋಡಿದಳು, ತವರಿಗೆ ಕಳಿಸಿದಳು. “ನೀವು ಸ್ಟೇಜಿನಲ್ಲಿ ಇಷ್ಟು ಸತ್ಯ ಹೇಳಿದ್ದು ಇದೇ ಮೊದಲು” ಎಂದಳು. ಉಮೇಶ ಮಾಷ್ಟ್ರು ಫೋನು ಮಾಡಿದರು.

“ಬೇಜಾರಾಯ್ತಾ ಮಾಷ್ಟ್ರೆ? ನಾನು ತಮಾಷೆಗೆ ಹೇಳಿದ್ದು. ಬಿಡಿಸಿದ್ದು ನೀವು ಅಂತ ಗೊತ್ತಿರ್ಲಿಲ್ಲ.”

“ಎಂತ ಬೇಜಾರಿಲ್ಲ.”

“ಹಾಗಾದ್ರೆ ಒಂದು ಕುದುರೆ ಮಾಡಿ ಕೊಡಿ. ನೀವು ಕತ್ತೆ ಮಾಡಿದ್ರೆ ಇಷ್ಟು ಚಂದದ ಕುದುರೆ ಬರ್ತದೆ. ಕುದುರೆಯೇ ಮಾಡಿದ್ರೆ ಎಂತ ಬರ್ತದೆ ಅಂತ ನೋಡುವ.”

ನಾನು ಬಿಡಿಸಿ ಕೊಟ್ಟೆ. ಅದು ಈಗ ಸುಳ್ಯ ಕಡೆ ಮುಂಗುಸಿಯಾಗಿ ಓಡಾಡುತ್ತಿದೆ ಎಂದು ಕೇಳಿದ್ದೇನೆ. ಗುಂಪಿಗೆ ನಾನು ಈಗಲೂ ಹಾಕುತ್ತೇನೆ, ಅವರು ಈಗಲೂ ತೆಗೆದುಕೊಳ್ಳುತ್ತಾರೆ. ಹಾಕಿದ ಮೇಲೆ ಅದು ನಮ್ಮದಲ್ಲ ಎಂಬ ದೊಡ್ಡ ಮಾತು ಹೇಳಬಹುದು. ಹಾಕುವ ಮೊದಲೂ ನನ್ನದು ಇಂಥದ್ದೇ ಎಂದು ಹೇಳಲು ಬರುವಂತಿರಲಿಲ್ಲ ಎಂಬುದು ನನ್ನ ಮಟ್ಟಿಗೆ ಹೆಚ್ಚು ಸರಿ.

ಮರುವರ್ಷ ಶಾಲೆಯಿಂದ ಪ್ರವಾಸ ಹೊರಟೆವು. ನಮ್ಮಲ್ಲಿ ಮಕ್ಕಳು ಕಡಿಮೆ, ಬಸ್ಸು ತುಂಬಬೇಕಾದರೆ ಚಿಕ್ಕವರನ್ನೂ ಕರೆದುಕೊಂಡು ಹೋಗಲೇಬೇಕು. ಘಾಟಿ ಹತ್ತಿ, ಹಾಸನ ದಾಟಿ, ಅರಸೀಕೆರೆ ಕಡೆಯ ಬಯಲಿನಲ್ಲಿ ಡ್ರೈವರು ಚಹಾಕ್ಕೆಂದು ಬಸ್ಸು ನಿಲ್ಲಿಸಿದರು. ಮಕ್ಕಳೆಲ್ಲ ಅಂಗಡಿಯ ಕಡೆ ಓಡಿದರು. ಜಶ್ಮಿತಾಳಿಗೆ ಘಾಟಿಯಲ್ಲಿ ವಾಂತಿಯಾಗಿ ಸುಸ್ತಾಗಿತ್ತು. ಗಾಳಿ ತಾಗಲಿ ಎಂದು ಅವಳನ್ನು ಬಸ್ಸಿನ ಆಚೆ ಬದಿಗೆ ಕರೆದುಕೊಂಡು ಹೋದೆ.

ಅಲ್ಲಿ, ರಸ್ತೆಯ ಆಚೆ, ಕುರಿಮಂದೆಯೊಂದು ಹರಡಿಕೊಂಡಿತ್ತು. ಮಂದೆಯ ಅಂಚಿನಲ್ಲಿ, ಬೆನ್ನ ಮೇಲೆ ಕಂಬಳಿ, ಪಾತ್ರೆ, ಒಂದು ಕುರಿಮರಿ ಎಲ್ಲ ಹೇರಿಸಿಕೊಂಡು, ಅದು ನಿಂತಿತ್ತು. ಬೂದು ಬಣ್ಣ. ಬಿಳಿ ಮೂತಿ. ಸಣ್ಣ ಅಚ್ಚುಕಟ್ಟಾದ ಗೊರಸು. ನಾನು ಬಿಡಿಸಿದ್ದಕ್ಕೂ ಅದಕ್ಕೂ ಕಿವಿಯನ್ನು ಬಿಟ್ಟರೆ ಯಾವ ಸಂಬಂಧವೂ ಇರಲಿಲ್ಲ. ನೋಡಿ ಹೇಳುವುದಾದರೆ, ಕಿವಿಯೂ ಅಷ್ಟಕ್ಕಷ್ಟೆ. ಆ ದಿನ ಅಧಿಕಾರಿಗಳು ದೊಡ್ಡ ಮನಸ್ಸು ಮಾಡಿದ್ದರು.

“ಎಂತ ಸಾರ್ ಅದು?” ಎಂದಳು ಜಶ್ಮಿತಾ.

ಗೊತ್ತಿಲ್ಲ ಎನ್ನಬಹುದಿತ್ತು. ಒಂದು ಜಾತಿಯ ಕುದುರೆ ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

“ಕತ್ತೆ,” ಎಂದೆ.

ಅವಳು ರಸ್ತೆಯ ಅಂಚಿನ ತನಕ ಹೋಗಿ ನಿಂತು ನೋಡಿದಳು. ಕಿವಿ ನೋಡಿದಳು, ಮೂತಿ ನೋಡಿದಳು, ತಲೆ ಓರೆ ಮಾಡಿ ಕಾಲು ನಾಲ್ಕನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಖಂಡಿತಾ ಸಾರ್?”

“ಖಂಡಿತ. ನಾನು ಮಾಡಿದ್ದು ಸರಿ ಇರ್ಲಿಲ್ಲ ಮಗಾ. ಕತ್ತೆ ಅಂದ್ರೆ ಇದು.”

ಅವಳು ಮತ್ತೆ ರಸ್ತೆಯ ಆಚೆ ತಿರುಗಿ ನಿಂತಳು. ಬೇಜಾರು ಮಾಡಿಕೊಂಡಳೋ, ಅಳುತ್ತಾಳೋ ಎಂದು ನಾನು ಕಾಯುತ್ತಿದ್ದೆ. ಅಂಗಡಿಯಲ್ಲಿ ಬಿಸ್ಕಿಟು ಮುಗಿಸಿದ ಮಕ್ಕಳು ಒಬ್ಬೊಬ್ಬರಾಗಿ ಬಸ್ಸಿನ ಕಡೆ ಬರತೊಡಗಿದ್ದರು. ಅವಳು ಅವರನ್ನೊಮ್ಮೆ ನೋಡಿ, ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದಳು.

“ಪರವಾಗಿಲ್ಲ ಸಾರ್. ನಾನು ಯಾರಿಗೂ ಹೇಳುದಿಲ್ಲ.”

ಹೇಳಿ, ಎಲ್ಲರಿಗಿಂತ ಮೊದಲು ಓಡಿಹೋಗಿ ಬಸ್ಸು ಹತ್ತಿದಳು. ಕತ್ತೆ ಕಾಣುವ ಬದಿಯ ಕಿಟಕಿಗಳ ಪರದೆಗಳನ್ನು ಮುಂದಿನಿಂದ ಹಿಂದಿನ ತನಕ ಒಂದೊಂದಾಗಿ ಎಳೆದು ಮುಚ್ಚಿದಳು.